ಬೇವಿನ ಎಲೆ ಕಷಾಯಕ್ಕೆ ಝೋನ್ ಬರ್ತಿಲ್ಲ, ಮೆಥನಾಲ್ ಸಾರಕ್ಕೆ ಬರ್ತಿದೆ, ಯಾಕೆ?

ಗದಗಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಎಂ.ಎಸ್ಸಿ. ಕೊನೆ ಸೆಮಿಸ್ಟರ್. ಪ್ರಾಜೆಕ್ಟಿಗೆ ಬೇವು, ಬಿಲ್ವಪತ್ರೆ, ಪೇರಲ, ಈ ಮೂರರ ಎಲೆ ತಗೊಂಡಿದ್ದೇನೆ. ನೆರಳಲ್ಲಿ ಒಣಗಿಸಿ, ಮಿಕ್ಸರ್‌ಗೆ ಹಾಕಿ ಪುಡಿ ಮಾಡಿ, ಅರ್ಧ ನೀರಲ್ಲಿ ಕುದಿಸಿದೆ, ಅರ್ಧ ಸಾಕ್ಸ್‌ಲೆಟ್‌ನಲ್ಲಿ (ಸಾರ ತೆಗೆಯೋ ಗಾಜಿನ ಉಪಕರಣ) ಮೆಥನಾಲ್ ಹಾಕಿ ತೆಗೆದೆ. ಮೆಥನಾಲ್ ಸಾರ ಕಡು ಹಸಿರು, ಡಾಂಬರಿನ ಹಾಗೆ ಅಂಟು, ಬೀಕರ್ ತೊಳೆಯೋದೇ ಒಂದು ಕೆಲಸ. ಬ್ಯಾಕ್ಟೀರಿಯಾ ಹಚ್ಚಿದ ಅಗಾರ್ ಪ್ಲೇಟಿನಲ್ಲಿ ವೆಲ್ (ಪುಟ್ಟ ಗುಂಡಿ) ಕೊರೆದು ಹಾಕಿದರೆ ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ ಚೆನ್ನಾಗಿ ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಉಂಗುರ) ಬರುತ್ತದೆ, ಪೇರಲದ್ದು ಎಲ್ಲಕ್ಕಿಂತ ದೊಡ್ಡದು. ಇ. ಕೋಲಿಗೆ ಏನೂ ಇಲ್ಲ. ಬೇವಿನ ಕಷಾಯಕ್ಕಂತೂ ಎರಡರಲ್ಲೂ ಸೊನ್ನೆ! ಅಜ್ಜಿ ಮಾತ್ರ "ಅಮ್ಮ ಬಂದಾಗ ನಿನಗೆ ಬೇವಿನ ನೀರಲ್ಲೇ ಸ್ನಾನ ಮಾಡಿಸಿದ್ದು, ನಿನ್ನ ಗಾಜಿನ ತಟ್ಟೆಗೆ ಏನು ಗೊತ್ತು" ಅಂತಾರೆ.

ಸಾರವನ್ನು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಮಿಲಿಗೆ 100 ಮಿಲಿಗ್ರಾಂ ಕರಗಿಸಿ, ವೆಲ್‌ಗೆ 100 ಮೈಕ್ರೋಲೀಟರ್ ಹಾಕಿದ್ದೆ. ಹೋಲಿಸಲು ಸಿಪ್ರೋಫ್ಲಾಕ್ಸಾಸಿನ್ ಆಂಟಿಬಯೋಟಿಕ್ ಡಿಸ್ಕ್. ಪೇರಲವೇ ಬೆಸ್ಟ್ ಅಂತ ಬರೆದುಬಿಡಲಾ? ಇನ್ನೂ ನಾಲ್ಕೈದು ಮರದ ಎಲೆ ತರಲು ಕಪ್ಪತಗುಡ್ಡಕ್ಕೆ ಹೋಗೋ ವಿಚಾರವೂ ಇದೆ.

ಹುಬ್ಬಳ್ಳಿ ಲ್ಯಾಬ್

ತಂಗಿ, ಈಗಲೇ ಬರೆಯಬೇಡಿ. ಮೊದಲು ಲೆಕ್ಕ ನೋಡಿ. ಮಿಲಿಗೆ 100 ಮಿಲಿಗ್ರಾಂ ಅಂದರೆ ನಿಮ್ಮ ಒಂದು ವೆಲ್‌ನಲ್ಲಿ 10 ಮಿಲಿಗ್ರಾಂ ಸಾರ ಇದೆ. ಸಿಪ್ರೋ ಡಿಸ್ಕ್‌ನಲ್ಲಿ ಇರೋದು 5 ಮೈಕ್ರೋಗ್ರಾಂ. 2000 ಪಟ್ಟು! ಅಷ್ಟು ಸುರಿದರೆ ಏನಾದರೂ ಒಂದು ಉಂಗುರ ಬಂದೇ ಬರುತ್ತದೆ. ಮೆಥನಾಲ್ ಪೂರ್ತಿ ಆರಿಸಿದ್ದೀರಾ? ಬರೀ ಡಿಎಂಎಸ್‌ಒ ಅಷ್ಟೇ ಪ್ರಮಾಣದಲ್ಲಿ ಹಾಕಿದ ವೆಲ್ ಇದೆಯಾ? ಇವೆರಡೂ ಬ್ಯಾಕ್ಟೀರಿಯಾಗೆ ಒಳ್ಳೆಯವಲ್ಲ.

ಪೇರಲದ ವಿಷಯ. ಅದರ ಎಲೆಯಲ್ಲಿ ಟ್ಯಾನಿನ್ (ಒಗರಿನ ಅಂಶ) ಜಾಸ್ತಿ. ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾದ್ದೇ ಆಗಬೇಕು ಅಂತಿಲ್ಲ. ಫೆರಿಕ್ ಕ್ಲೋರೈಡ್ ಎರಡು ಹನಿ ಹಾಕಿ ನೋಡಿ, ಟ್ಯಾನಿನ್ ಇದ್ದರೆ ಕಪ್ಪು ನೀಲಿಯೋ ಕಪ್ಪು ಹಸಿರೋ ಆಗುತ್ತದೆ. ಆಮೇಲೆ ಜೆಲಾಟಿನ್ ಹಾಕಿ ಟ್ಯಾನಿನ್ ಇಳಿಸಿ, ಉಳಿದದ್ದನ್ನು ಮತ್ತೆ ಟೆಸ್ಟ್ ಮಾಡಿ. ಝೋನ್ ಮಾಯವಾದರೆ ಅದು ಟ್ಯಾನಿನ್ನಿನದೇ ಕೆಲಸ ಅಂತ ಗೊತ್ತಾಯ್ತಲ್ಲ.

ಇ. ಕೋಲಿಗೆ ಬಾರದ್ದರಲ್ಲಿ ಆಶ್ಚರ್ಯವಿಲ್ಲ. ಅದು ಗ್ರಾಂ ನೆಗೆಟಿವ್, ಹೊರಗೆ ಇನ್ನೊಂದು ಪೊರೆ ಇದೆ, ಗಿಡದ ಎಷ್ಟೋ ಸಂಯುಕ್ತಗಳು ಅದನ್ನು ದಾಟೋದೇ ಇಲ್ಲ. ಬೇವಿನ ಕಷಾಯದ್ದು ಬೇರೆ ಕಥೆ. ಎಲೆಯಲ್ಲಿರುವ ನಿಂಬೋಲೈಡ್‌ನಂಥವು ನೀರಲ್ಲಿ ಸರಿಯಾಗಿ ಕರಗೋದಿಲ್ಲ, ಮೆಥನಾಲ್‌ನಲ್ಲಿ ಬರುತ್ತವೆ. ಅಂಥವು ಅಗಾರ್‌ನಲ್ಲೂ ನಿಧಾನ ಹರಡುತ್ತವೆ, ಅಗಾರ್ ಅಂದರೆ ಬಹುಪಾಲು ನೀರೇ ಅಲ್ವಾ. ಹಾಗಾಗಿ ಎರಡು ಸಾರಗಳ ಝೋನ್ ಮಿಲಿಮೀಟರ್ ಪಕ್ಕಪಕ್ಕ ಇಟ್ಟು ಇದು ದೊಡ್ಡದು ಅದು ಚಿಕ್ಕದು ಅನ್ನೋದರಲ್ಲಿ ಅರ್ಥವಿಲ್ಲ. ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋ ಅತಿ ಕಡಿಮೆ ಪ್ರಮಾಣ) ಮಾಡಿ.

ಧಾರವಾಡದ ಸಸ್ಯ ಮೇಷ್ಟ್ರು

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಎಲೆ ಕೀಳೋಕೆ ಹೋಗಬೇಡಮ್ಮ, ಸುಮ್ನೆ ಕೇಸ್ ಆಗುತ್ತದೆ. ಹೊಲದ ಬದುವಿನಲ್ಲಿ, ದೇವಸ್ಥಾನದ ಆವರಣದಲ್ಲಿ ಇಲ್ಲದ ಮರ ಯಾವುದಿದೆ?

ಇನ್ನೊಂದು. ನೀನು ತಂದದ್ದು ಬೇವೇ ತಾನೇ? ಈಗ ಎಲ್ಲಿ ನೋಡಿದರೂ ಹೆಬ್ಬೇವು ನೆಟ್ಟಿದ್ದಾರೆ. ಬೇವಿನದು ಒಂದೇ ಕಡ್ಡಿ, ಎರಡೂ ಕಡೆ ಗರಗಸದ ಅಂಚಿನ ಎಲೆ, ಎಲೆಯ ಬುಡ ಸೊಟ್ಟ. ಹೆಬ್ಬೇವಿನಲ್ಲಿ ಆ ಕಡ್ಡಿಯೇ ಮತ್ತೆ ಕವಲು ಒಡೆದಿರುತ್ತದೆ. ಹೂವೋ ಕಾಯಿಯೋ ಇರುವ ಟೊಂಗೆ ಒತ್ತಿ ಒಣಗಿಸಿ, ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರ ಹತ್ತಿರ ಹೆಸರು ಖಾತ್ರಿ ಮಾಡಿಸು. ಎಷ್ಟೋ ಪ್ರಬಂಧಗಳಲ್ಲಿ ಇದೊಂದು ಸಾಲೇ ಇರೋದಿಲ್ಲ, ಓದುವಾಗ ಸಿಟ್ಟು ಬರುತ್ತದೆ.

ಬ್ಯಾಡಗಿ ಮೆಣಸಿನಕಾಯಿ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾವು ಮೆಣಸಿನ ಗಿಡಕ್ಕೆ ಬೇವಿನ ಎಲೆ ರುಬ್ಬಿ ಹೊಡೆದರೆ ನಡೆಯುತ್ತಾ?

ಹುಬ್ಬಳ್ಳಿ ಲ್ಯಾಬ್

ಅಣ್ಣಾ, ಕೀಟದ ಮೇಲೆ ಕೆಲಸ ಮಾಡೋ ಅಜಾಡಿರಾಕ್ಟಿನ್ ಜಾಸ್ತಿ ಇರೋದು ಬೀಜದಲ್ಲಿ. ಬೀಜದ ತಿರುಳಿನ ಪುಡಿ 5 ಕಿಲೋ, ನೀರು 100 ಲೀಟರ್ ಲೆಕ್ಕ. ಪುಡಿಯನ್ನು ರಾತ್ರಿ ಸ್ವಲ್ಪ ನೀರಲ್ಲಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಸೋಸಿ, ಉಳಿದ ನೀರು ಸೇರಿಸಿ, ಚೂರು ಸೋಪು ಹಾಕಿ ಸಂಜೆ ಹೊಡೆಯಿರಿ. ಬಿಸಿಲಿಗೆ ಅದು ಬೇಗ ಕೆಡುತ್ತದೆ. ಆದರೆ ಇದು ಕೀಟಕ್ಕೆ. ಎಲೆಚುಕ್ಕೆ ರೋಗಕ್ಕೆ ಇದನ್ನೇ ನಂಬಿ ಕೂರಬೇಡಿ.

ಹಾವೇರಿ ವೈದ್ಯ

ನಾನು ಬಿಎಎಂಎಸ್. ಈ ಪ್ಲೇಟ್ ಟೆಸ್ಟಿನಿಂದ ಔಷಧದ ಬೆಲೆ ಕಟ್ಟೋದು ನನಗೆ ಒಪ್ಪಿಗೆ ಇಲ್ಲ. ಒಂದೊಂದೇ ಕಾಂಪೌಂಡ್ ಹೆಕ್ಕಿದರೆ ಗಿಡದ ಗುಣ ಸಿಗುವುದಿಲ್ಲ. ಅಜ್ಜಿಯ ಮಾತಿಗೂ ಒಂದು ತಿದ್ದುಪಡಿ: ಅಮ್ಮ ಅಂದರೆ ವೈರಸ್, ಮಕ್ಕಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ. ನಿಮ್ಮ ಸ್ಟ್ಯಾಫ್ ಪ್ಲೇಟ್ ಅದಕ್ಕೆ ಹೌದು ಅಂತಲೂ ಹೇಳೋದಿಲ್ಲ, ಅಲ್ಲ ಅಂತಲೂ ಹೇಳೋದಿಲ್ಲ. ಮತ್ತೆ ಇದನ್ನು ಓದಿ ಯಾರೂ ಕೂಸಿಗೆ ಬೇವಿನ ಎಣ್ಣೆ ಕುಡಿಸಬೇಡಿ. ಎಳೆ ಮಕ್ಕಳಿಗೆ ಅದು ವಿಷವಾಗಿ ಫಿಟ್ಸ್ ಬಂದದ್ದು, ಜೀವ ಹೋದದ್ದು ದಾಖಲಾಗಿದೆ.

ಹುಬ್ಬಳ್ಳಿ ಲ್ಯಾಬ್

ಡಾಕ್ಟ್ರೇ, ಒಂದೇ ಕಾಂಪೌಂಡ್ ಸಾಲದು ಅನ್ನೋದಕ್ಕೆ ಲ್ಯಾಬಿನ ಸಾಕ್ಷಿಯೇ ಇದೆ. ನಮ್ಮ ದಾರುಹರಿದ್ರದ ಬಳಗದ ಬರ್ಬೆರಿಸ್ ಗಿಡಗಳಲ್ಲಿ ಬ್ಯಾಕ್ಟೀರಿಯಾ ತಡೆಯೋ ಬರ್ಬೆರಿನ್ ಇದೆ, ಆದರೆ ಸ್ಟ್ಯಾಫ್ ತನ್ನ ನಾರ್‌ಎ ಪಂಪಿನಿಂದ ಅದನ್ನು ಹೊರಗೆ ಎಸೆಯುತ್ತದೆ. ಆ ಪಂಪನ್ನು ಕಟ್ಟಿಹಾಕುವ ಇನ್ನೊಂದು ವಸ್ತು ಅದೇ ಗಿಡಗಳಲ್ಲಿ ಇದೆ ಅಂತ 2000ರಲ್ಲಿ ಅಮೆರಿಕದವರು ತೋರಿಸಿದರು. ಅದು ಒಂಟಿಯಾಗಿ ಬ್ಯಾಕ್ಟೀರಿಯಾಗೆ ಏನೂ ಮಾಡೋದಿಲ್ಲ, ಬರ್ಬೆರಿನ್ ಜೊತೆಗಿದ್ದರೆ ಮಾತ್ರ ಕೆಲಸ. ಆದರೆ ಇದು ಗೊತ್ತಾದದ್ದೂ ಎರಡನ್ನೂ ಬೇರೆ ಮಾಡಿ ಅಳೆದದ್ದಕ್ಕೇ. ಹಾಗಾಗಿ ಟೆಸ್ಟ್ ಬೇಡ ಅನ್ನೋದನ್ನು ನಾನು ಒಪ್ಪೋದಿಲ್ಲ.

ಗದಗಿನ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಡಿಎಂಎಸ್‌ಒ ವೆಲ್ ನಾಳೆಯೇ ಹಾಕುತ್ತೇನೆ. ಕಪ್ಪತಗುಡ್ಡ ಕ್ಯಾನ್ಸಲ್. ಆದರೆ ನಮ್ಮ ಕಾಲೇಜಿನಲ್ಲಿ 96 ವೆಲ್ ಪ್ಲೇಟೂ ಇಲ್ಲ, ಅದನ್ನು ಅಳೆಯೋ ರೀಡರೂ ಇಲ್ಲ. ಎಂಐಸಿ ಹೇಗೆ ಮಾಡಲಿ ಅಣ್ಣಾ?

ಹುಬ್ಬಳ್ಳಿ ಲ್ಯಾಬ್

ಟೆಸ್ಟ್ ಟ್ಯೂಬ್ ಸಾಕು. ಮಿಲಿಗೆ 1000 ಮೈಕ್ರೋಗ್ರಾಂನಿಂದ ಶುರು ಮಾಡಿ ಅರ್ಧರ್ಧ ಇಳಿಸುತ್ತ ಬನ್ನಿ. ಹಸಿರು ಬಣ್ಣದಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆಯೋ ಇಲ್ಲವೋ ಕಣ್ಣಿಗೆ ಕಾಣೋದಿಲ್ಲ, ಅದಕ್ಕೆ ರೆಸಾಜುರಿನ್ ಅನ್ನೋ ನೀಲಿ ಬಣ್ಣ ಹಾಕಿ. ನೀಲಿ ಗುಲಾಬಿಗೆ ತಿರುಗಿದರೆ ಬ್ಯಾಕ್ಟೀರಿಯಾ ಜೀವಂತ. ಕೆಲವು ಎಲೆಯ ಸಾರ ತಾನೇ ಬಣ್ಣ ತಿರುಗಿಸಿಬಿಡುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಹಾಕದ ಒಂದು ಸಾಲು ಟ್ಯೂಬ್ ಪಕ್ಕದಲ್ಲೇ ಇಡಿ. ಡಿಎಂಎಸ್‌ಒ ಎಲ್ಲ ಟ್ಯೂಬಲ್ಲೂ ಒಂದೇ ಪ್ರಮಾಣ ಇರಲಿ, ಶೇಕಡಾ 1ರ ಒಳಗೆ.