ಸಹಾಯ ಬೇಕು: ನಾನಿಲ್ಲದಾಗ ಮನೆ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಚೇರಂಬಾಣೆ ಹತ್ತಿರ ನಮ್ಮ ಹಳೇ ಹೆಂಚಿನ ಮನೆ ಮಾರಾಟಕ್ಕಿದೆ. ನಾನಿರುವುದು ಮೈಸೂರಿನಲ್ಲಿ. ಇಲ್ಲಿಂದ ಮಡಿಕೇರಿಗೇ ಸುಮಾರು 120 ಕಿಲೋಮೀಟರ್, ಮನೆ ಅಲ್ಲಿಂದ ಇನ್ನೂ ಮುಂದೆ. ಪ್ರತಿ ಸಲ ಬೀಗ ತೆಗೆಯೋಕೆ ಓಡಿಬರಲು ಆಗುತ್ತಿಲ್ಲ.

ಕಳೆದ ಭಾನುವಾರ ಬೆಂಗಳೂರಿನಿಂದ ಒಂದು ಕುಟುಂಬ ಬಂದಿತ್ತು. ಫೋನ್ ಮಾಡಿದ್ದು ಕುಶಾಲನಗರ ದಾಟಿದ ಮೇಲೆ! ಬೀಗದ ಕೈ ಪಕ್ಕದ ಮನೆ ಅಜ್ಜಿ ಹತ್ತಿರ, ಅಜ್ಜಿ ಮದುವೆ ಮನೆಯಲ್ಲಿ. ಬಂದವರು ಕಿಟಕಿಯಲ್ಲಿ ಇಣುಕಿ ವಾಪಸ್ ಹೋದರು.

ಅದಕ್ಕೆ ಮುಂಚೆ ಬಂದವರೇನೋ ಒಳಗೆ ಹೋದರು. ಆದರೆ ಸಂಜೆ ಆರೂವರೆ, ಕರೆಂಟ್ ಬೇರೆ ಇಲ್ಲ. ತಿಂಗಳುಗಟ್ಟಲೆ ಮುಚ್ಚಿದ ಮನೆ ಅಲ್ವಾ, ಬೂಷ್ಟಿನ ವಾಸನೆ. ಮೊಬೈಲ್ ಬೆಳಕಿನಲ್ಲಿ ಬೀಟೆ ಮರದ ಬಾಗಿಲು ಯಾರಿಗೂ ಕಾಣಲಿಲ್ಲ, ಗೋಡೆಯ ಪಾಚಿ ಮಾತ್ರ ಚೆನ್ನಾಗಿ ಕಂಡಿತು. ಅಂಗಳ ದಾಟುವಷ್ಟರಲ್ಲಿ ಒಬ್ಬರ ಕಾಲಿಗೆ ಜಿಗಣೆ. ಪಾಪ, ಮತ್ತೆ ಫೋನೇ ಇಲ್ಲ.

ಆ ಕಡೆ ನಂಬಿಕೆಯವರು ಯಾರಾದರೂ ಇದ್ದಾರಾ? ವಾರಕ್ಕೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸಬೇಕು, ದಾರಿಯ ಹುಲ್ಲು ಸವರಬೇಕು, ಜನ ಬಂದಾಗ ಹಗಲು ಹೊತ್ತಲ್ಲೇ ತೋರಿಸಬೇಕು. ಸುಮ್ನೆ ಬೇಡ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ.

ಇನ್ನೊಂದು ವಿಷಯ. ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಕೀ ಬಾಕ್ಸ್ ಹಾಕಿದವರು ಇದ್ದೀರಾ? ನಮ್ಮ ಮಳೆಗೆ ತುಕ್ಕು ಹಿಡಿಯಲ್ವಾ? ಆರ್‌ಟಿಸಿ (ಪಹಣಿ), ಇಸಿ (ಋಣಭಾರ ಪತ್ರ) ಜೆರಾಕ್ಸ್ ಮನೆಯಲ್ಲೇ ಇಡೋಣ ಅಂತಿದ್ದೇನೆ, ಅದು ಸರಿಯಾ? ಇಲ್ಲ, ಮಳೆ ಮುಗಿಯುವವರೆಗೆ ಯಾರನ್ನೂ ಕರೆಯದಿರುವುದೇ ವಾಸಿಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.