ಪದಚರ್ಚೆ: ಕಾರಿನ ‘ಹಾರ್ನ್ ಫಾಲ್ಟ್’ಗೆ ಏನು ಬರೆಯಲಿ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಮೈಸೂರಿನಿಂದ, ಅನುವಾದಕಿ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಸಹಾಯ ಬೇಕಿತ್ತು. ಇಲ್ಲಿನ ಒಂದು ಗ್ಯಾರೇಜಿನ ದೂರಿನ ಫಾರಂ ಅನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಡಿ ಬಿಡಲು ಬಂದವರು ತಮ್ಮ ತೊಂದರೆಯ ಎದುರು ಟಿಕ್ ಹಾಕಬೇಕು, ಅಷ್ಟೇ. ನಾಳೆ ಸಂಜೆ 5ಕ್ಕೆ ಪ್ರೆಸ್ಸಿಗೆ ಕೊಡಬೇಕು. ಬ್ರೇಕು, ಕ್ಲಚ್ಚು, ಟೈರು ಮುಗಿದವು. ಕರೆಂಟಿನ ಭಾಗದಲ್ಲಿ ಸಿಕ್ಕಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ‘ಹಾರ್ನ್ ಫಾಲ್ಟ್’ ಎಂದು ಒಂದೇ ಸಾಲಿದೆ. ಅದರ ಕೆಳಗೆ ‘ಇಂಟರ್‌ಮಿಟೆಂಟ್’, ‘ಅರ್ಥ್ ಫಾಲ್ಟ್’, ‘ಶಾರ್ಟ್ ಸರ್ಕಿಟ್’. ನಿಘಂಟು ನೋಡಿ ‘ಹಾರ್ನ್ ದೋಷ’, ‘ಮಧ್ಯಂತರ ದೋಷ’, ‘ಭೂಸಂಪರ್ಕ ದೋಷ’ ಎಂದು ಬರೆದೆ. ಅಪ್ಪನಿಗೆ ಓದಿ ಹೇಳಿದೆ. ನಲವತ್ತು ವರ್ಷ ಗಾಡಿ ಓಡಿಸಿದವರು. ಒಂದೂ ಗೊತ್ತಾಗಲಿಲ್ಲ.

ನನಗೆ ಇದು ಸುಮ್ನೆ ಪದದ ಪ್ರಶ್ನೆ ಅಲ್ಲ. ಹೋದ ವರ್ಷ ಮಳೆಗಾಲದಲ್ಲಿ ಮನೆ ಮುಂದೆ ನಿಲ್ಲಿಸಿದ್ದ ನಮ್ಮ ಕಾರು ರಾತ್ರಿ ಎರಡು ಗಂಟೆಗೆ ತಾನೇ ಹಾರ್ನ್ ಹೊಡೆಯಲು ಶುರು ಮಾಡಿತು. ನಿಲ್ಲಲೇ ಇಲ್ಲ. ಬೀದಿಯವರೆಲ್ಲ ಎದ್ದು ಬಂದರು. ಎದುರು ಮನೆಯಲ್ಲಿ ಹಸುಗೂಸಿತ್ತು. ಬೆಳಿಗ್ಗೆ ಗ್ಯಾರೇಜಿನಲ್ಲಿ ‘ಹಾರ್ನ್ ಕೆಟ್ಟಿದೆ’ ಎಂದು ಬರೆಸಿ ಬಂದೆ. ಅವರು ಹೊಸ ಹಾರ್ನ್ ಹಾಕಿ ಕಳಿಸಿದರು. ಮೂರನೇ ದಿನ ಮತ್ತೆ ಅದೇ ಕಥೆ. ಹಳೆ ಹಾರ್ನ್ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಬೇರೆ ಏನೋ. ನಾನು ಬರೆಸಿದ ಮಾತು ಸರಿಯಾಗಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಹಾಗಾಗಿ ಹೇಳಿ. ಹಾರ್ನ್‌ಗೇ ಕನ್ನಡ ಪದ ಹಾಕಬೇಕಾ? ಉಳಿದ ಮೂರಕ್ಕೆ ಏನು?

ಶಿವಮೊಗ್ಗದಿಂದ:

ಕಹಳೆ. ‘ಕಹಳೆ ದೋಷ’. ಇದಕ್ಕೆ ಚರ್ಚೆ ಯಾಕೆ?

ಮಂಗಳೂರಿನಿಂದ:

ಕಹಳೆ ಸಂಸ್ಕೃತದ ಕಾಹಲದ ತದ್ಭವ. ಕಾಳೆ ಎಂದೂ ಇದೆ. ನಮ್ಮದೇ ಪದ ಕಣ್ಣೆದುರಿಗೇ ಇರುವಾಗ ತದ್ಭವ ಏಕೆ? ಕೊಂಬು ಎಂದು ಬರೆಯಿರಿ.

ಕೊಂಬು ಎಂಬ ಪದವನ್ನು ಸ್ವಲ್ಪ ನೋಡಿ. ಮರದ ಕೊಂಬೆಗೂ ದನದ ಕೊಂಬಿಗೂ ಬುಡ ಒಂದೇ. ತಮಿಳಿನಲ್ಲಿ ಇಂದಿಗೂ ಎರಡಕ್ಕೂ ಅದೇ ಪದ. ದನದ ಕೊಂಬನ್ನು ಊದಿದರು, ಊದುವ ವಾದ್ಯವೇ ಕೊಂಬಾಯಿತು. ಕೇರಳದ ಪಂಚವಾದ್ಯದಲ್ಲಿ ಅದು ಈಗಲೂ ಇದೆ. ಅಕ್ಷರಕ್ಕೆ ಉಕಾರ ಹಚ್ಚಿದರೂ ಕೊಂಬು ಎನ್ನುತ್ತೇವೆ, ಬಾಗಿರುತ್ತದಲ್ಲ! ಇಂಗ್ಲಿಷಿನವರ ಹಾರ್ನ್ ಕೂಡ ದನದ ತಲೆಯಿಂದ ಇಳಿದು ವಾದ್ಯವಾಗಿ, ಆಮೇಲೆ ಕಾರಿಗೆ ಬಂತು. ಅವರ ಪದ ನಡೆದ ದಾರಿಯಲ್ಲೇ ನಮ್ಮ ಪದ ಮುಕ್ಕಾಲು ದಾರಿ ನಡೆದಿದೆ. ಕೊನೆಯ ಹೆಜ್ಜೆ ಇಡಲು ನಾವು ಬಿಡುತ್ತಿಲ್ಲ, ಅಷ್ಟೇ.

ಇನ್ನು ‘ದೋಷ’ ಬೇಡ. ‘ಕುಂದು’ ಸಾಕು. ‘ಕೊಂಬಿನ ಕುಂದು’. ‘ವಿದ್ಯುತ್‌ಕೊಂಬು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಹೊಲಿದ ಸಮಾಸ.

ಹುಬ್ಬಳ್ಳಿಯಿಂದ:

ಮೇಡಂ, ಅಪ್ಪ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದರು. ಕಾಲೇಜು ಮುಗಿಯುವ ತನಕ ನಾನು ಅಲ್ಲೇ ಕೂತು ವೈರ್ ಸುಲಿದವನು. ಈಗ ಮೇಷ್ಟ್ರು. ಆದರೂ ಆ ಅಂಗಡಿಯ ಮಾತು ಮರೆತಿಲ್ಲ.

ಮಾಲೀಕರು ಬಂದು ‘ಹಾರ್ನ್ ದೋಷ’ ಅನ್ನುವುದಿಲ್ಲ. ‘ಹಾರ್ನ್ ಬರ್ತಿಲ್ಲ’ ಅನ್ನುತ್ತಾರೆ. ‘ಲೈಟ್ ಬರ್ತಿಲ್ಲ’, ‘ಕರೆಂಟ್ ಬರ್ತಿಲ್ಲ’. ಮೂರಕ್ಕೂ ಒಂದೇ ಕ್ರಿಯಾಪದ. ಫ್ಯೂಸ್ ‘ಹೋಗಿದೆ’, ಬಲ್ಬ್ ‘ಹೋಗಿದೆ’, ಬ್ಯಾಟರಿ ‘ಡೌನ್ ಆಗಿದೆ’, ಸೆಲ್ಫ್ ‘ತಗೋತಿಲ್ಲ’. ನಾಮಪದ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಕೆಟ್ಟದ್ದನ್ನು ನಾವು ಕ್ರಿಯಾಪದದಲ್ಲೇ ಹೇಳುವುದು.

ನಿಮ್ಮ ಕಾರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ‘ಅರ್ಥ್ ಫಾಲ್ಟ್’ ಅಲ್ಲೇ ಇದೆ. ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ಅನ್ನು ಗಾಡಿಯ ಮೈಗೇ, ಅಂದರೆ ‘ಬಾಡಿ’ಗೆ, ಜೋಡಿಸಿರುತ್ತಾರೆ. ಆ ತಗಡಿನ ಬಾಡಿಯೇ ಅರ್ಥ್. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ, ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಆದ್ದರಿಂದ ‘ಭೂಸಂಪರ್ಕ’ ಪೂರ್ತಿ ತಪ್ಪು. ಮನೆಯ ವೈರಿಂಗಿಗೆ ಸರಿ, ಕಾರಿಗೆ ಅಲ್ಲ.

ರಿಲೇ ಎಂದರೆ ಬಟನ್ ಒತ್ತಿದಾಗ ಹಾರ್ನಿಗೆ ಕರೆಂಟ್ ಬಿಡುವ ಸ್ವಿಚ್ಚು. ಸಾಮಾನ್ಯವಾಗಿ ಹಾರ್ನ್ ರಿಲೇಗೆ 12 ವೋಲ್ಟ್ ಯಾವಾಗಲೂ ಬಂದು ನಿಂತಿರುತ್ತದೆ. ಸ್ಟೇರಿಂಗ್ ಮೇಲಿನ ಬಟನ್ ಒತ್ತಿದಾಗ ಸಿಗುವುದು ಅರ್ಥ್. ಈಗ ಬಟನ್ನಿನಿಂದ ಬರುವ ವೈರಿನ ಸಿಪ್ಪೆ ಸವೆದು ತಾಮ್ರ ಬಾಡಿಗೆ ತಗುಲಿತು ಅನ್ನಿ. ಯಾರೋ ಬಟನ್ ಒತ್ತಿ ಹಿಡಿದ ಹಾಗೆ. ಹಾರ್ನ್ ನಿಲ್ಲುವುದಿಲ್ಲ. ಇದಕ್ಕೆ ಅಂಗಡಿಯಲ್ಲಿ ‘ವೈರ್ ಅರ್ಥ್ ಆಗಿದೆ’ ಅನ್ನುತ್ತಿದ್ದೆವು. ಅದೇ ವೈರ್ ತುಂಡಾದರೆ ‘ಅರ್ಥ್ ಸಿಗ್ತಿಲ್ಲ’. ಆಗ ಒತ್ತಿದರೂ ಹಾರ್ನ್ ಬರುವುದಿಲ್ಲ. ಎರಡೂ ಅರ್ಥ್‌ನದೇ ತೊಂದರೆ. ಒಂದು ಇನ್ನೊಂದರ ಉಲ್ಟಾ. ‘ಅರ್ಥ್ ದೋಷ’ ಎಂದರೆ ಯಾವುದು? ನಿಮ್ಮದು ಮೊದಲನೆಯದು ಇರಬೇಕು, ಇಲ್ಲಾ ರಿಲೇ ಪಾಯಿಂಟ್ ಅಂಟಿಕೊಂಡಿರಬೇಕು. ಹಾರ್ನ್ ಬದಲಿಸಿದರೆ ಎರಡೂ ಹೋಗುವುದಿಲ್ಲ.

ಇನ್ನೊಮ್ಮೆ ರಾತ್ರಿ ಹಾಗಾದರೆ ಹಾರ್ನಿನ ಫ್ಯೂಸ್ ಕಿತ್ತುಬಿಡಿ. ಅದು ಸಿಗದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ಗೆ ಮೊದಲು ಕೈ ಹಾಕಬೇಡಿ. ಸ್ಪ್ಯಾನರ್ ಬಾಡಿಗೆ ತಗುಲಿದರೆ ಅಲ್ಲೇ ಶಾರ್ಟ್.

ಬೆಂಗಳೂರಿನಿಂದ:

ಹುಬ್ಬಳ್ಳಿಯವರ ಮಾತೇ ಸರಿ. ಕೊಂಬು, ಕಹಳೆ ಎರಡನ್ನೂ ಬಿಡಿ. ಎರಡನ್ನೂ ಊದಬೇಕು. ಹಾರ್ನ್ ಒತ್ತುವಂಥದ್ದು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಲ್ಲಿನ ಫಲಕದಲ್ಲಿ ‘ಹಾರ್ನ್ ಮಾಡಬೇಡಿ’ ಎಂದಿದ್ದರೆ ಓದಿದ ಕೂಡಲೇ ಕೈ ಹಿಂದಕ್ಕೆ ಬರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಬೇಕಿಲ್ಲದೆ ಹಾರ್ನ್ ಮಾಡಿದರೆ ಮೊದಲ ಸಲಕ್ಕೆ 1,000 ರೂಪಾಯಿ ದಂಡ. ದಂಡ ಇರುವ ಕಡೆ ಪದದ ಪ್ರಯೋಗ ಮಾಡಬಾರದು.

ಮಂಗಳೂರಿನಿಂದ:

‘ಹಾರ್ನ್ ಮಾಡು’. ಇದನ್ನು ಕನ್ನಡ ಎನ್ನುತ್ತೀರಾ? ಎಲ್ಲದಕ್ಕೂ ‘ಮಾಡು’ ಅಂಟಿಸಿದರೆ ನಮ್ಮ ಕ್ರಿಯಾಪದಗಳು ಒಂದೊಂದಾಗಿ ಸಾಯುತ್ತವೆ. ಕೂಗು, ಮೊಳಗು, ಊದು, ಬಾರಿಸು, ಎಷ್ಟಿವೆ! ಇವತ್ತು ಹಾರ್ನ್ ಬಿಟ್ಟುಕೊಟ್ಟರೆ ನಾಳೆ ಬಾಗಿಲು, ಗಾಲಿ, ಕನ್ನಡಿ ಎಲ್ಲ ಹೋಗುತ್ತವೆ. ಹೋಗಿಯೂ ಆಗಿದೆ. ಕಾರಿನವರು ‘ಡೋರ್’, ‘ವೀಲ್’, ‘ಮಿರರ್’ ಅನ್ನುತ್ತಾರೆ. ನನಗೆ ನೋವಾಗುವುದು ಇದಕ್ಕೆ. ಮತ್ತೆ ‘ಹಾರ್ನ್ ದೋಷ’ದಂಥ ಇಂಗ್ಲಿಷು-ಸಂಸ್ಕೃತ ಕೂಡಿಕೆಗೆ ವ್ಯಾಕರಣದಲ್ಲಿ ಜಾಗವೇ ಇಲ್ಲ.

ಬೆಂಗಳೂರಿನಿಂದ:

ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಅರಿಸಮಾಸ ಬೇಡವೆಂದದ್ದು ಸಂಸ್ಕೃತ-ಕನ್ನಡದ ಕೂಡಿಕೆಗೆ. ಅದರಲ್ಲೂ ವಿನಾಯಿತಿ ಕೊಟ್ಟಿದ್ದಾನೆ. ‘ಮತಗಟ್ಟೆ’ ಅರಿಸಮಾಸ ಅಲ್ವಾ? ಮತ ಸಂಸ್ಕೃತ, ಕಟ್ಟೆ ನಮ್ಮದು. ಪ್ರತಿ ಚುನಾವಣೆಯಲ್ಲೂ ಬರೆಯುತ್ತೇವೆ. ಎಂಥ ಚೆಂದದ ಪದ! ‘ಬಸ್ ನಿಲ್ದಾಣ’ವನ್ನು ಏನು ಮಾಡುತ್ತೀರಿ? ಕಾರಿನ ‘ಚಾವಿ’ ಪೋರ್ಚುಗೀಸರದು. ನಿಮ್ಮ ಊರಿನ ಬಂದರಿನಲ್ಲೇ ಇಳಿದಿರಬಹುದು. ಅದನ್ನು ಯಾರೂ ವಾಪಸ್ ಕಳಿಸಲಿಲ್ಲ.

ಮಂಗಳೂರಿನಿಂದ:

ಚಾವಿ ಬಂದು ‘ಬೀಗದ ಕೈ’ಯನ್ನು ತಿಂದಿತು. ನಾನು ಹೇಳುತ್ತಿರುವುದೂ ಅದನ್ನೇ.

ಶಿವಮೊಗ್ಗದಿಂದ:

ಕಹಳೆಗೆ ಸಾವಿರ ವರ್ಷದ ಕಾವ್ಯದ ಬಲವಿದೆ. ತದ್ಭವ ಎಂದರೆ ಕನ್ನಡವಾದದ್ದು ಎಂದೇ ಲೆಕ್ಕ. ಗ್ಯಾರೇಜಿನ ಹುಡುಗರ ಮಾತು ಪ್ರಮಾಣವಲ್ಲ.

ಹುಬ್ಬಳ್ಳಿಯಿಂದ:

ಸರ್, ಗ್ಯಾರೇಜಿನ ಹುಡುಗರು ಕನ್ನಡದವರೇ. ‘ಸವೆದಿದೆ’, ‘ತಗುಲಿದೆ’, ‘ಅಂಟಿದೆ’, ‘ಸಡಿಲ ಆಗಿದೆ’, ಇವನ್ನೆಲ್ಲ ನಾನು ಪುಸ್ತಕಕ್ಕಿಂತ ಮೊದಲು ಅವರ ಬಾಯಲ್ಲೇ ಕೇಳಿದ್ದು. ಇದಕ್ಕಿಂತ ಜಾಸ್ತಿ ಹೇಳಲ್ಲ.

ಮೇಡಂ, ‘ಮಧ್ಯಂತರ’ ತೆಗೆದುಹಾಕಿ. ಅದು ಚುನಾವಣೆಗೆ, ಆದೇಶಕ್ಕೆ ಬಳಸುವ ಪದ. ‘ಒಮ್ಮೊಮ್ಮೆ ಬರುತ್ತದೆ’ ಮತ್ತು ‘ಬಿಟ್ಟು ಬಿಟ್ಟು ಬರುತ್ತದೆ’ ಎರಡನ್ನೂ ಇಡಿ. ಒಂದೇ ಅಲ್ಲ. ಹತ್ತು ಸಲ ಒತ್ತಿದರೆ ನಾಲ್ಕು ಸಲ ಬಂದರೆ ಒಮ್ಮೊಮ್ಮೆ. ಒತ್ತಿ ಹಿಡಿದಾಗಲೇ ನಡುವೆ ಕಡಿದು ಕಡಿದು ಬಂದರೆ ಬಿಟ್ಟು ಬಿಟ್ಟು. ಎರಡನೆಯದು ಲೂಸ್ ಕಾಂಟ್ಯಾಕ್ಟ್ ಇರಬಹುದು. ಇನ್ನೊಂದು ಸಾಲಿಗೂ ಜಾಗ ಮಾಡಿ: ‘ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಬರುತ್ತದೆ’. ಸ್ಟೇರಿಂಗಿನೊಳಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಒಂದು ಪಟ್ಟಿ ಇರುತ್ತದೆ. ಹಾರ್ನಿನ ವೈರು, ಏರ್‌ಬ್ಯಾಗಿನ ವೈರು ಎರಡೂ ಅದರಲ್ಲೇ ಹಾದುಹೋಗುತ್ತವೆ. ಅದು ಹರಿಯುತ್ತಾ ಬಂದಾಗ ಹೀಗಾಗುತ್ತದೆ. ಜೊತೆಗೆ ಏರ್‌ಬ್ಯಾಗ್ ದೀಪ ಹತ್ತಿದ್ದರೆ ಮೆಕ್ಯಾನಿಕ್ ಮೊದಲು ಅಲ್ಲೇ ನೋಡುತ್ತಾನೆ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೆ ಹೋಗಬಹುದು. ಈ ಸಾಲನ್ನು ಬಿಡಬೇಡಿ.

ಮೈಸೂರಿನಿಂದ, ಅನುವಾದಕಿ:

ಎಲ್ಲರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ. ಶೀರ್ಷಿಕೆ ‘ಹಾರ್ನ್‌ಗೆ ಏನಾಗಿದೆ?’. ಕೆಳಗೆ: ಒತ್ತಿದರೂ ಬರುತ್ತಿಲ್ಲ. ತಾನೇ ಬರುತ್ತದೆ, ನಿಲ್ಲುತ್ತಿಲ್ಲ. ಒಮ್ಮೊಮ್ಮೆ ಬರುತ್ತದೆ. ಬಿಟ್ಟು ಬಿಟ್ಟು ಬರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಬರುತ್ತದೆ. ಶಾರ್ಟು, ಅರ್ಥು ಎರಡನ್ನೂ ಮಾಲೀಕರ ಕಡೆಯಿಂದ ತೆಗೆದು ಮೆಕ್ಯಾನಿಕ್ ತುಂಬುವ ಕಡೆಗೆ ಹಾಕಿದೆ. ಅದನ್ನು ಕಂಡುಹಿಡಿಯುವುದು ಅವರ ಕೆಲಸ ತಾನೆ?

ಮಂಗಳೂರಿನ ಸರ್, ‘ಕೊಂಬು’ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ನನಗೂ ಆ ಪದ ಇಷ್ಟ. ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ನಾನು ಫೋನ್ ಮಾಡಿ ‘ಕೊಂಬು ನಿಲ್ಲುತ್ತಿಲ್ಲ’ ಎನ್ನಲಾರೆ.

ಎರಡು ಪ್ರಶ್ನೆ ಉಳಿದಿವೆ. ‘ಹಾರ್ನ್ ಡಿಮ್’ ಎಂದೊಂದು ಸಾಲಿದೆ. ಸದ್ದು ಬರುತ್ತದೆ, ಆದರೆ ಮೊದಲಿನ ಹಾಗಿಲ್ಲ. ಇದಕ್ಕೆ? ಮತ್ತೆ ಕರಡು ತಿದ್ದುವವರು ‘ಅರ್ಥ್ ಸಿಗುತ್ತಿಲ್ಲ’ ಎಂಬುದನ್ನು ‘ಅರ್ಥ ಸಿಗುತ್ತಿಲ್ಲ’ ಎಂದು ಮಾಡಿ ಕಳಿಸಿದ್ದಾರೆ. ಎರಡು ಸಲ ಸರಿ ಮಾಡಿದೆ. ಮತ್ತೆ ಹಾಗೇ ಬಂತು.

ಹುಬ್ಬಳ್ಳಿಯಿಂದ:

‘ಅರ್ಥಿಂಗ್’ ಎಂದು ಬರೆಯಿರಿ. ಎಲ್ಲರೂ ಹಾಗೂ ಅನ್ನುತ್ತಾರೆ, ತಿದ್ದುವವರೂ ಮುಟ್ಟುವುದಿಲ್ಲ.

ಸದ್ದಿನದು ಎರಡು ಬಗೆ. ಹೆಚ್ಚಿನ ಕಾರುಗಳಲ್ಲಿ ಎರಡು ಹಾರ್ನ್ ಇರುತ್ತವೆ, ಒಂದು ದಪ್ಪ ದನಿ, ಒಂದು ಸಣ್ಣ ದನಿ. ಒಂದು ಹೋದರೆ ಸದ್ದು ಬಡವಾಗುತ್ತದೆ. ಅದಕ್ಕೆ ‘ದನಿ ಕಡಿಮೆಯಾಗಿದೆ’ ಸಾಕು. ಮುಂದಿನ ಜಾಲರಿಯ ಹಿಂದೆ ಮಳೆನೀರು ಹೊಕ್ಕು ಒಳಗಿನ ತಗಡು ತುಕ್ಕು ಹಿಡಿದರೆ ದನಿ ಒಡೆಯುತ್ತದೆ. ಅಪ್ಪ ಅದಕ್ಕೆ ‘ಗೊಗ್ಗರು ದನಿ’ ಅನ್ನುತ್ತಿದ್ದರು. ಶೀತ ಆದವರ ಗಂಟಲಿಗೆ ಅನ್ನುವ ಹಾಗೆಯೇ.

ಮಂಗಳೂರಿನಿಂದ:

ಗೊಗ್ಗರು ಬಹಳ ಒಳ್ಳೆಯ ಪದ. ದಯವಿಟ್ಟು ಅದನ್ನು ಹಾಕಿ. ‘ಹಾರ್ನ್’ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ.

ಮೈಸೂರಿನಿಂದ, ಅನುವಾದಕಿ:

‘ದನಿ ಕಡಿಮೆಯಾಗಿದೆ’, ‘ದನಿ ಗೊಗ್ಗರಾಗಿದೆ’ ಎರಡನ್ನೂ ಸೇರಿಸಿದೆ. ಅಪ್ಪ ಓದಿದರು, ಎಲ್ಲ ಗೊತ್ತಾಯಿತು ಎಂದರು. ಈಗ ಪ್ರೆಸ್ಸಿಗೆ ಹೊರಟೆ.