ಹಾಲು ಕುಡಿಯುವ ಕರುವಿನ ಹೊಟ್ಟೆ: ನಿಯಂತ್ರಣ ನರಗಳದೋ, ಹಾರ್ಮೋನುಗಳದೋ?

ಪ್ರಶ್ನೆ – ಪಶುವೈದ್ಯಕೀಯ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಜೀರ್ಣಾಂಗಗಳ ಶರೀರಕ್ರಿಯೆಯ ಪಾಠದಲ್ಲಿ, ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ಕೆಲಸವನ್ನು ಒಂದು ಅಧ್ಯಾಯದಲ್ಲಿಯೂ ಹೊಟ್ಟೆ ಮತ್ತು ಕರುಳು ಸ್ರವಿಸುವ ಗ್ಯಾಸ್ಟ್ರಿನ್, ಸೆಕ್ರೆಟಿನ್, ಕೊಲೆಸಿಸ್ಟೊಕೈನಿನ್ ಹಾರ್ಮೋನುಗಳನ್ನು ಮತ್ತೊಂದರಲ್ಲಿಯೂ ಓದಿದ್ದೇನೆ. ಆದರೆ ಇವೆರಡೂ ಒಂದೇ ಕರುವಿನ ಹೊಟ್ಟೆಯಲ್ಲಿ ಹೇಗೆ ಕೂಡಿ ನಡೆಯುತ್ತವೆ ಎಂಬುದು ತಿಳಿಯುತ್ತಿಲ್ಲ. ಹಾಲು ಒಳಬಂದಾಗ ವೇಗಸ್ ನರವು ಆಮ್ಲವನ್ನೂ ಚಲನೆಯನ್ನೂ ಹೆಚ್ಚಿಸುವುದಾದರೆ ಅಬೋಮಾಸಮ್ (ಹಾಲು ಜೀರ್ಣವಾಗುವ ನಾಲ್ಕನೆಯ ಕೋಣೆ, ನಿಜವಾದ ಜಠರ) ಬೇಗನೆ ಬರಿದಾಗಬೇಕಲ್ಲವೇ? ಅದು ಗಂಟೆಗಟ್ಟಲೆ ಹಾಲನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? ಹಾಗೆಯೇ, ಅದೇ ಹಾಲನ್ನು ಮೊಲೆತೊಟ್ಟಿನ ಬಾಟಲಿಯಲ್ಲಿ ಕುಡಿಸಿದಾಗ ಮತ್ತು ನಳಿಕೆಯ ಮೂಲಕ ಹೊಟ್ಟೆಗೆ ಬಿಟ್ಟಾಗ ಪರಿಣಾಮ ಬೇರೆಯಾಗುವುದೇಕೆ?

ಉತ್ತರ 1 – ಕ್ಷೇತ್ರ ಪಶುವೈದ್ಯ

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಕೆಲಸ ಬಹುಮಟ್ಟಿಗೆ ನರಗಳದೇ. ಹುಟ್ಟಿದ ಕರುವಿನ ನಾಲ್ಕು ಕೋಣೆಗಳಲ್ಲಿ ಅಬೋಮಾಸಮ್ಮೇ ದೊಡ್ಡದು. ಮುಂದೆ ಮೇವು ಹುಳಿಯುವ ಮೊದಲ ಕೋಣೆಯಾದ ರೂಮೆನ್ ಇನ್ನೂ ಚಿಕ್ಕದಾಗಿದ್ದು, ಹಾಲನ್ನು ಜೀರ್ಣಿಸುವ ಸಾಮರ್ಥ್ಯ ಅದಕ್ಕಿಲ್ಲ. ಆದ್ದರಿಂದ ಹಾಲು ರೂಮೆನ್ ಅನ್ನು ಬದಿಗಿಟ್ಟು ಮುಂದೆ ಸಾಗಬೇಕು. ಕರು ಚೀಪತೊಡಗಿದಾಗ ಬಾಯಿ ಮತ್ತು ಗಂಟಲಿನ ಸಂವೇದನೆಗಳು ಮಿದುಳಿನ ಮೆಡುಲ್ಲಾ ಭಾಗವನ್ನು ತಲುಪುತ್ತವೆ. ಅಲ್ಲಿಂದ ವೇಗಸ್ ನರದ ಮೂಲಕ ಬರುವ ಆಜ್ಞೆಗೆ ಅನ್ನನಾಳದ ತೋಡಿನ (ಅನ್ನನಾಳದ ಕೊನೆಯಿಂದ ಅಬೋಮಾಸಮ್‌ನತ್ತ ಸಾಗುವ ಕಾಲುವೆ) ತುಟಿಗಳು ಮಡಚಿಕೊಂಡು ಕೊಳವೆಯ ರೂಪ ತಾಳುತ್ತವೆ. ಈ ಪರಾವರ್ತಿತ ಕ್ರಿಯೆಯನ್ನು, ನರತುದಿಯ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡಬರುವ ಅಟ್ರೊಪಿನ್ ಔಷಧ ತಡೆಯುತ್ತದೆ. ಇಲ್ಲಿ ಕೆಲಸ ಮಾಡುವುದು ಅಸಿಟೈಲ್‌ಕೋಲಿನ್ ಎಂಬುದಕ್ಕೆ ಇದೇ ಸಾಕ್ಷಿ.

ಈ ಕ್ರಿಯೆ ಅಭ್ಯಾಸದಿಂದ ಗಟ್ಟಿಯಾಗುವಂಥದ್ದು. ನಿತ್ಯ ಹಾಲು ಕೊಡುವ ಪಾತ್ರೆಯನ್ನು ಕಂಡೊಡನೆ ಉತ್ಸಾಹಗೊಳ್ಳುವ ಕರುವಿನಲ್ಲಿ, ಹಾಲು ಬಾಯಿಗೆ ಬರುವ ಮುನ್ನವೇ ತೋಡು ಮುಚ್ಚತೊಡಗಬಹುದು. ನಳಿಕೆಯನ್ನು ಇಳಿಸಿದಾಗ ಚೀಪುವ ಸಂವೇದನೆಯೇ ಇರುವುದಿಲ್ಲವಾದ್ದರಿಂದ ಹಾಲು ಮೊದಲು ರೂಮೆನ್‌ಗೆ ಬೀಳುತ್ತದೆ. ಆಗ ತಾನೇ ಹುಟ್ಟಿದ ಕರುವಿಗೆ ಗಿಣ್ಣುಹಾಲನ್ನು ಹೀಗೆ ಕೊಟ್ಟರೆ ದೊಡ್ಡ ಹಾನಿಯಿಲ್ಲ, ರೂಮೆನ್ ಚಿಕ್ಕದಾದ್ದರಿಂದ ಅದು ತುಂಬಿ ಮುಂದಕ್ಕೆ ಹರಿಯುತ್ತದೆ. ಆದರೆ ಕಾಯಿಲೆಯ ಕರುವಿಗೆ ದಿನಗಟ್ಟಲೆ ಹಾಲನ್ನೇ ಹೀಗೆ ಕೊಡುತ್ತಾ ಹೋದರೆ ಅದು ರೂಮೆನ್‌ನಲ್ಲಿ ಹುಳಿತು ಆಮ್ಲತೆಗೆ ದಾರಿಯಾಗುತ್ತದೆ. ಇದನ್ನು ಬರೀ ಭೇದಿಯೆಂದು ಬಗೆದು ಚಿಕಿತ್ಸೆ ಮಾಡುವುದನ್ನು ಆಗಾಗ ನೋಡುತ್ತೇನೆ.

ಉತ್ತರ 2 – ಶರೀರಕ್ರಿಯಾಶಾಸ್ತ್ರದ ಅಧ್ಯಾಪಕಿ

ವಿದ್ಯಾರ್ಥಿ ಮಿತ್ರರೇ, ನಿಮ್ಮ ಗೊಂದಲಕ್ಕೆ ಕಾರಣ ಅಧ್ಯಾಯಗಳ ವಿಂಗಡಣೆ. 1902ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್, ನರಗಳನ್ನು ಕತ್ತರಿಸಿದ ಕರುಳಿನ ತುಂಡಿಗೆ ಆಮ್ಲ ಹಾಕಿದರೂ ಮೇದೋಜೀರಕ ಗ್ರಂಥಿ ಸ್ರವಿಸುವುದನ್ನು ತೋರಿಸಿ, ರಕ್ತದ ಮೂಲಕ ಸಂದೇಶ ಒಯ್ಯುವ ಸೆಕ್ರೆಟಿನ್ ಇರುವುದನ್ನು ಸಾಧಿಸಿದರು. ಅಲ್ಲಿಯವರೆಗೆ ರಷ್ಯದ ಶರೀರಕ್ರಿಯಾಶಾಸ್ತ್ರಜ್ಞ ಪಾವ್ಲೊವ್ ಅವರ ಪ್ರಭಾವದಿಂದ ಜೀರ್ಣಕ್ರಿಯೆಯ ನಿಯಂತ್ರಣವೆಲ್ಲ ನರಗಳದೆಂದೇ ಭಾವಿಸಲಾಗಿತ್ತು. ಪುಸ್ತಕಗಳಲ್ಲಿ ನರ-ಹಾರ್ಮೋನುಗಳ ನಡುವಿನ ಆ ಹಳೆಯ ಗೆರೆ ಉಳಿದುಕೊಂಡಿದೆ, ಕರುವಿನ ಹೊಟ್ಟೆಯಲ್ಲಿ ಅಂಥ ಗೆರೆಯಿಲ್ಲ.

ಗ್ಯಾಸ್ಟ್ರಿನ್ ವಿಷಯವನ್ನೇ ನೋಡಿ. ಹಾಲು ಬರುವ ನಿರೀಕ್ಷೆಯಲ್ಲಿಯೇ ವೇಗಸ್ ನರ ಉದ್ದೀಪನಗೊಂಡು ಜಠರದ ಆಮ್ಲಕೋಶಗಳನ್ನು ನೇರವಾಗಿ ಕೆಣಕುತ್ತದೆ. ಅದೇ ನರ ಗ್ಯಾಸ್ಟ್ರಿನ್ ಬಿಡುಗಡೆ ಮಾಡುವ ಪೆಪ್ಟೈಡ್ ಒಂದನ್ನು ಸುರಿಸಿ ಜಠರದ ಗೋಡೆಯಲ್ಲಿರುವ ಜಿ-ಕೋಶಗಳಿಂದ ಗ್ಯಾಸ್ಟ್ರಿನ್ ಹೊರಬರುವಂತೆಯೂ ಮಾಡುತ್ತದೆ. ಗ್ಯಾಸ್ಟ್ರಿನ್, ಆಮ್ಲಕೋಶಗಳನ್ನು ಕೆಣಕುವ ಹಿಸ್ಟಮಿನ್‌ನ ಬಿಡುಗಡೆಗೆ ಕಾರಣವಾಗಿ ಆಮ್ಲವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಆಮ್ಲತೆ ಮಿತಿಮೀರಿದಾಗ ಸೊಮ್ಯಾಟೊಸ್ಟಾಟಿನ್ ಎಂಬ ಮತ್ತೊಂದು ಹಾರ್ಮೋನು ಗ್ಯಾಸ್ಟ್ರಿನ್‌ಗೆ ಕಡಿವಾಣ ಹಾಕುತ್ತದೆ. ಇಷ್ಟರಲ್ಲಿ ನರ ಎಲ್ಲಿ ಮುಗಿಯಿತು, ಹಾರ್ಮೋನು ಎಲ್ಲಿ ಆರಂಭವಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ.

ಇನ್ನು ಬರಿದಾಗುವಿಕೆ. ಹಾಲು ತಲುಪಿದ ಕೆಲವೇ ನಿಮಿಷಗಳಲ್ಲಿ ಕೈಮೋಸಿನ್ ಕಿಣ್ವ ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಅನ್ನು ಹೆಪ್ಪುಗಟ್ಟಿಸುತ್ತದೆ. ಬೇರ್ಪಟ್ಟ ತಿಳಿನೀರು ಬೇಗನೆ ಮುಂದಕ್ಕೆ ಹರಿದರೆ, ಗಟ್ಟಿ ಮುದ್ದೆ ಹಿಂದೆ ಉಳಿದು ನಿಧಾನವಾಗಿ ಕರಗುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ನಲ್ಲಿದೆ. ಅಲ್ಲಿಗೆ ಆಮ್ಲ, ಕೊಬ್ಬು ಅಥವಾ ಸಾಂದ್ರ ದ್ರಾವಣ ಬಂದರೆ ಹೊಟ್ಟೆಯ ಹರಿವು ತಗ್ಗುತ್ತದೆ. ಆಮ್ಲಕ್ಕೆ ಸೆಕ್ರೆಟಿನ್, ಕೊಬ್ಬಿಗೆ ಕೊಲೆಸಿಸ್ಟೊಕೈನಿನ್ ಸ್ರವಿಸುತ್ತವೆ. ಕೊಲೆಸಿಸ್ಟೊಕೈನಿನ್ ಬಹುಪಾಲು ಕೆಲಸವನ್ನು ವೇಗಸ್ ನರದ ಒಳವಾಹಕ (ಸುದ್ದಿಯನ್ನು ಮಿದುಳಿಗೆ ಒಯ್ಯುವ) ತಂತುಗಳ ಮೂಲಕವೇ ಮಾಡುತ್ತದೆಂಬುದು ಸಸ್ತನಿಗಳಲ್ಲಿ ಕಂಡುಬಂದಿದೆ. ಅಂದರೆ ಹೊಟ್ಟೆಗೆ ವೇಗ ಕೊಡುವ ನರವೇ ತಡೆಯ ಸುದ್ದಿಯನ್ನೂ ಮಿದುಳಿಗೆ ಒಯ್ಯುತ್ತದೆ! ಜೊತೆಗೆ ವೇಗಸ್‌ನ ಕೆಲವು ತಂತುಗಳು ನೈಟ್ರಿಕ್ ಆಕ್ಸೈಡ್ ಮೊದಲಾದವುಗಳ ಮೂಲಕ ಹೊಟ್ಟೆಯ ಗೋಡೆಯನ್ನು ಸಡಿಲಿಸುತ್ತವೆ. ವೇಗಸ್ ಎಂದರೆ ಬರೀ ಉದ್ದೀಪಕ ಎಂದು ಕಲಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಮರುಪ್ರಶ್ನೆ – ಪಶುವೈದ್ಯಕೀಯ ವಿದ್ಯಾರ್ಥಿ

ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ಭೇದಿಯಾದ ಕರುವಿಗೆ ಬಾಯಿಯ ಮೂಲಕ ಕೊಡುವ ಲವಣ ದ್ರಾವಣವೂ, ಬಹಳ ಗಟ್ಟಿಯಾಗಿ ಕಲಸಿದ ಹಾಲಿನ ಪುಡಿಯೂ ಈ ತಡೆಯನ್ನು ಬದಲಿಸಬೇಕಲ್ಲವೇ?

ಉತ್ತರ 3 – ಕ್ಷೇತ್ರ ಪಶುವೈದ್ಯ

ಖಂಡಿತ ಬದಲಿಸುತ್ತವೆ. ಹಸುವಿನ ಹಾಲಿನಲ್ಲಿ ಕರಗಿದ ಕಣಗಳ ಸಾಂದ್ರತೆ ಹೆಚ್ಚುಕಡಿಮೆ ರಕ್ತದಷ್ಟೇ, ಅಂದರೆ ಕಿಲೋಗ್ರಾಮಿಗೆ ಸುಮಾರು 300 ಮಿಲಿಆಸ್ಮೋಲ್ (ಕರಗಿದ ಕಣಗಳ ಅಳತೆ). ಅದಕ್ಕಿಂತ ಬಹಳ ಗಟ್ಟಿಯಾಗಿ ಕಲಸಿದ ಪುಡಿ ಹಾಲು ಅಬೋಮಾಸಮ್‌ನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸಕ್ಕರೆಯನ್ನು ಹುಳಿಸುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ಕಾಲಾವಕಾಶ ಸಿಕ್ಕರೆ ಹೊಟ್ಟೆಯುಬ್ಬರದ ಅಪಾಯವೂ ಇರುತ್ತದೆ. ಸೋಡಿಯಂ ಬೈಕಾರ್ಬನೇಟ್ ಇರುವ ಲವಣ ದ್ರಾವಣ ಅಬೋಮಾಸಮ್‌ನ ಆಮ್ಲತೆಯನ್ನು ಬಹಳ ಹೊತ್ತು ತಗ್ಗಿಸಿಡುತ್ತದೆ. ಆಮ್ಲವೇ ರೋಗಾಣುಗಳಿಗೆ ಮೊದಲ ತಡೆಯಾದ್ದರಿಂದ ಇದು ಯಾವಾಗಲೂ ಒಳ್ಳೆಯದಲ್ಲ. ಹಾಲು ಕುಡಿಯುತ್ತಲೇ ಇರುವ ಕರುವಿಗೆ ಅಸಿಟೇಟ್ ಇರುವ ದ್ರಾವಣವನ್ನು ನಾನು ಆರಿಸುವುದು ಇದೇ ಕಾರಣಕ್ಕೆ: ಅದು ಹೊಟ್ಟೆಯ ಆಮ್ಲತೆಯನ್ನು ಅಷ್ಟಾಗಿ ಕದಡುವುದಿಲ್ಲ, ದೇಹದೊಳಗೆ ಬಳಕೆಯಾದ ಮೇಲೆ ರಕ್ತದ ಆಮ್ಲತೆಯನ್ನು ಸರಿಪಡಿಸುತ್ತದೆ.

ಔಷಧಗಳ ಬಗ್ಗೆ ಒಂದು ಮಾತು. ಎರಿಥ್ರೊಮೈಸಿನ್ ಎಂಬ ಪ್ರತಿಜೀವಕ, ಹೊಟ್ಟೆಯ ಚಲನೆಯನ್ನು ಕೆರಳಿಸುವ ಮೊಟಿಲಿನ್ ಹಾರ್ಮೋನಿನ ಗ್ರಾಹಕಗಳನ್ನು ಹಿಡಿದು ಕರುಗಳ ಅಬೋಮಾಸಮ್ ಬೇಗ ಬರಿದಾಗುವಂತೆ ಮಾಡುವುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಆದರೂ ಪ್ರತಿಜೀವಕವೊಂದನ್ನು ಬರೀ ಹೊಟ್ಟೆಯ ಚಲನೆಗೆಂದು ಬಳಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಚಲನೆ ನಿಂತಿದ್ದರೆ ಮೊದಲು ರಕ್ತದ ಕ್ಯಾಲ್ಸಿಯಂ ಕಡಿಮೆಯಾಗಿದೆಯೇ, ಬ್ಯಾಕ್ಟೀರಿಯಾಗಳ ವಿಷವಾದ ಎಂಡೊಟಾಕ್ಸಿನ್‌ನ ಪ್ರಭಾವವಿದೆಯೇ ಎಂದು ನೋಡಿ; ಎರಡೂ ಅಬೋಮಾಸಮ್‌ನ ಚಲನೆಯನ್ನು ಕುಗ್ಗಿಸುತ್ತವೆ.